ಡ್ರೆಡ್ನಾಟ್ ಕೊಳ್ಳಹೊರಟ ಕೂಟದ ಗೆಳೆಯರಿಗೆ

ಅಮೆರಿಕದ ಕನ್ನಡ ಕೂಟಗಳಲ್ಲಿ ಹಾಡುಗಾರರ ಪಕ್ಕ ಗಿಟಾರ್ ಹಿಡಿದು ಕೂರುವ ಗೆಳೆಯ ಗೆಳತಿಯರೇ,

ಯುಗಾದಿಯ ಆಸುಪಾಸು, ಆಫೀಸಿನ ಬೋನಸ್ ಬ್ಯಾಂಕಿಗೆ ಬೀಳುವ ಹೊತ್ತಿಗೆ, ನಿಮ್ಮಲ್ಲಿ ಯಾರಾದರೂ ಫೋನ್ ಮಾಡಿ ಅದೇ ಪ್ರಶ್ನೆ ಕೇಳುತ್ತೀರಿ: "ಒಳ್ಳೇ ಡ್ರೆಡ್ನಾಟ್ ಒಂದು ತಗೋಬೇಕು ಅಂತಿದೀನಿ. ಮಾರ್ಟಿನ್ ತಗೊಳ್ಳಲಾ, ಗಿಬ್ಸನ್ ತಗೊಳ್ಳಲಾ, ಇಲ್ಲಾ ಇನ್ನೊಂದಿಷ್ಟು ಕೂಡಿಸಿ ಕಾಲಿಂಗ್ಸಿಗೇ ಹೋಗಲಾ?" ಒಬ್ಬೊಬ್ಬರಿಗೂ ಹೇಳಿದ್ದನ್ನೇ ಹೇಳುವ ಬದಲು ಎಲ್ಲರಿಗೂ ಸೇರಿಸಿ ಒಂದೇ ಕಾಗದ ಬರೆದುಬಿಡೋಣ ಅನ್ನಿಸಿತು. ನಾನು ಗಿಟಾರ್ ಮಾರುವವನಲ್ಲ, ಮಾಡುವವನೂ ಅಲ್ಲ. ನಿಮ್ಮ ಹಾಗೆಯೇ ಗಣೇಶನ ಹಬ್ಬಕ್ಕೆ, ರಾಜ್ಯೋತ್ಸವಕ್ಕೆ ಯಾವುದೋ ಶಾಲೆಯ ಸಭಾಂಗಣದಲ್ಲಿ ಭಾವಗೀತೆಗಳಿಗೆ ಸಾಥ್ ಕೊಡುವವನು.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಒಪ್ಪದವರು ಕಾಗದವನ್ನು ಇಲ್ಲಿಗೇ ಮಡಚಿಡಬಹುದು. ಮೂರು ಮೂರೂವರೆ ಸಾವಿರ ಡಾಲರ್ ದಾಟಿದ ಮೇಲೆ ನೀವು ಕೊಡುವ ಹೆಚ್ಚುವರಿ ದುಡ್ಡಿನ ದೊಡ್ಡ ಪಾಲು ಕಣ್ಣಿಗೆ ಕಾಣುವ ಸಂಗತಿಗಳಿಗೆ ಹೋಗುತ್ತದೆ: ಬೆನ್ನಿನ ಮರ, ಅಂಚಿನ ಕುಸುರಿ, ತಲೆಯ ಮೇಲಿನ ಹೆಸರು. ಕಿವಿಗೆ ಬೀಳುವುದು ಬಹುಮಟ್ಟಿಗೆ ಮೇಲ್ಹಲಗೆ, ಅದರ ಅಡಿಯಲ್ಲಿ ಅಂಟಿಸಿದ ಪಟ್ಟಿಗಳು ಮತ್ತು ತಂತಿ ಕೂರಿಸಿದ ರೀತಿ ಈ ಮೂರರ ಫಲ. ಆದ್ದರಿಂದ ಕಂಪನಿಗೆ ಕಂಪನಿಯನ್ನು ಹೋಲಿಸುತ್ತಾ ರಾತ್ರಿಯಿಡೀ ಕೂರಬೇಡಿ. ಅಂಗಡಿಯಲ್ಲಿ ನಿಮ್ಮ ತೊಡೆಯ ಮೇಲಿರುವ ಆ ಒಂದು ಗಿಟಾರನ್ನು ಪಕ್ಕದ ಇನ್ನೊಂದು ಗಿಟಾರಿನ ಜೊತೆ ಹೋಲಿಸಿ.

ಈ ಆಕಾರ ಯಾತಕ್ಕೆ ಹುಟ್ಟಿತು ಅನ್ನುವುದು ಗೊತ್ತಾದರೆ ಅರ್ಧ ಗೊಂದಲ ಕಳೆಯುತ್ತದೆ. 1906ರಲ್ಲಿ ಬ್ರಿಟಿಷ್ ನೌಕಾಪಡೆ ನೀರಿಗಿಳಿಸಿದ 'ಡ್ರೆಡ್ನಾಟ್' ಯುದ್ಧನೌಕೆಯ ಹೆಸರನ್ನು ಪೆನ್ಸಿಲ್ವೇನಿಯದ ನಜರೆತ್ ಊರಿನ ಮಾರ್ಟಿನ್ ಕಂಪನಿ ತನ್ನ ದೊಡ್ಡ ಗಿಟಾರಿಗೆ ಇಟ್ಟಿತು. 1916ರಲ್ಲಿ ಆಲಿವರ್ ಡಿಟ್ಸನ್ ಎಂಬ ಸಂಗೀತ ವ್ಯಾಪಾರ ಸಂಸ್ಥೆಗೆ ಮಾಡಿಕೊಟ್ಟ ಮಾಲು ಅದು. ಮಾರ್ಟಿನ್ ತನ್ನದೇ ಹೆಸರಿನಲ್ಲಿ ಅದನ್ನು ತಂದದ್ದು 1931ರಲ್ಲಿ. 1934ರ ಹೊತ್ತಿಗೆ, 14ನೇ ಫ್ರೆಟ್ಟಿನಲ್ಲಿ ಕುತ್ತಿಗೆ ಒಡಲನ್ನು ಸೇರುವ, ಇವತ್ತು ನಾವು ಕಾಣುವ ರೂಪ ಬಂತು. ಒಬ್ಬೊಬ್ಬರಿಗೆ ಒಂದೊಂದು ಮೈಕ್ ಇಲ್ಲದ ಕಾಲ. ಫಿಡಲ್, ಬ್ಯಾಂಜೋಗಳ ನಡುವೆ ಗಿಟಾರ್ ಕೇಳಿಸಬೇಕಾದರೆ ಒಡಲು ಹಿಗ್ಗಬೇಕಿತ್ತು, ಮಂದ್ರ ಮೊಳಗಬೇಕಿತ್ತು. ಮುಂದೆ ಬ್ಲೂಗ್ರಾಸ್ ಸಂಗೀತ ಈ ಗಿಟಾರನ್ನು ಬಿಟ್ಟು ಇನ್ನೊಂದನ್ನು ಮುಟ್ಟದಷ್ಟು ಅದಕ್ಕೆ ಒಗ್ಗಿಹೋಯಿತು.

ನಮ್ಮ ವೇದಿಕೆ ಹಾಗಿಲ್ಲ. ತಬಲಾ ಇದೆ, ಕೀಬೋರ್ಡ್ ಇದೆ, ಎಲ್ಲರ ಮುಂದೆಯೂ ಮೈಕ್ ಇದೆ. ಡ್ರೆಡ್ನಾಟ್‌ನ ಒಡಲೊಳಗಿನ ಗಾಳಿ ಸುಮಾರು 100 ಹರ್ಟ್ಸ್ ಆಸುಪಾಸಿನಲ್ಲಿ ತಾನಾಗಿಯೇ ಮೊಳಗುತ್ತದೆ. ಅದು ದಪ್ಪ ತಂತಿಯ ಮೂರು, ನಾಲ್ಕನೇ ಫ್ರೆಟ್ಟುಗಳ ಜಿ ಮತ್ತು ಜಿ ಶಾರ್ಪ್ ಇರುವ ಜಾಗ. ನಮ್ಮ ಹಾಡುಗಾರ್ತಿಯರಲ್ಲಿ ಅನೇಕರ ಶ್ರುತಿಯೂ ಅದೇ. ಷಡ್ಜದ ಕಾರ್ಡ್ ಹಿಡಿದಾಗಲೆಲ್ಲ ಆ ಒಂದು ಸ್ವರ ಉಳಿದವನ್ನು ನುಂಗುತ್ತದೆ, ಡಗ್ಗಾದ ಗುಮಕಿಯ ಮೇಲೆ ಹೋಗಿ ಬೀಳುತ್ತದೆ, ಸ್ವಲ್ಪ ಏಮಾರಿದರೆ ಸ್ಪೀಕರ್ ಊಳಿಡುತ್ತದೆ. ಸೌಂಡ್ ನೋಡಿಕೊಳ್ಳುವ ಸ್ವಯಂಸೇವಕರು ಗಾಬರಿಯಲ್ಲಿ ಗಿಟಾರಿನ ಮಂದ್ರವನ್ನೆಲ್ಲ ಕತ್ತರಿಸಿ ಹಾಕುತ್ತಾರೆ. ಯಾವ ಗುಡುಗಿಗಾಗಿ ನೀವು ಅಷ್ಟು ದುಡ್ಡು ಸುರಿದಿರೋ ಅದು ಅಲ್ಲಿಗೆ ಮುಗಿಯಿತು.

ಕೂರುವುದೂ ಒಂದು ತಾಪತ್ರಯವೇ. ಈ ಗಿಟಾರಿಗೆ ಸೊಂಟದ ಬಳುಕು ಇಲ್ಲವೆನ್ನುವಷ್ಟು ಕಡಿಮೆ. ಕೆಳಗಿನ ಅಗಲ ಹದಿನೈದೂವರೆ ಅಂಗುಲಕ್ಕೂ ಮಿಕ್ಕಿದೆ, ಆಳ ಹೆಚ್ಚೂ ಕಡಿಮೆ ಐದು ಅಂಗುಲ. ಕುರ್ಚಿಯ ಮೇಲೆ ಹೇಗೋ ಸುಧಾರಿಸಬಹುದು. ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿ, ರೇಷ್ಮೆ ಸೀರೆಯಲ್ಲೋ ಪಂಚೆಯಲ್ಲೋ ಎರಡು ಗಂಟೆ ಹಿಡಿದು ಕೂರುವುದಿದೆಯಲ್ಲ, ಬಲಭುಜ ಮಾರನೆಯ ದಿನ ಮಾತಾಡುತ್ತದೆ. ನಿಮ್ಮಲ್ಲಿ ಕುಳ್ಳಗಿರುವವರು, ನೆಲದ ಮೇಲೆ ಕೂತೇ ನುಡಿಸುವವರು ದಯವಿಟ್ಟು ಓಎಂ ಅಥವಾ 000 ಎಂಬ ಚಿಕ್ಕ ಆಕಾರದ ಗಿಟಾರನ್ನೊಮ್ಮೆ ಹಿಡಿದು ನೋಡಿ. ಅಲ್ಲಿಗೇ ನಿಮ್ಮ ಹುಡುಕಾಟ ಮುಗಿದರೆ ಈ ಕಾಗದ ಸಾರ್ಥಕ.

ಇಷ್ಟಾದರೂ ಡ್ರೆಡ್ನಾಟೇ ಬೇಕು ಅನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಮೈಕ್ ಇಲ್ಲದೆ, ನಾಲ್ಕು ಜನ ಕೂತ ಹಾಲಿನಲ್ಲಿ, ತೆರೆದ ಜಿ ಕಾರ್ಡನ್ನು ಒಮ್ಮೆ ಬಿಟ್ಟರೆ ಎದೆಗೂಡಿಗೇ ತಟ್ಟುವ ಆ ಸುಖವನ್ನು ಬೇರೆ ಯಾವ ಆಕಾರವೂ ಕೊಡುವುದಿಲ್ಲ. ನಮ್ಮ ನುಡಿಸುವಿಕೆಯಲ್ಲಿ ಮುಕ್ಕಾಲು ಪಾಲು ನಡೆಯುವುದು ಮನೆಯಲ್ಲೇ ತಾನೆ?

ಹಾಗಾದರೆ ಯಾವುದು? ಮೊದಲು ಮಾರ್ಟಿನ್ನಿನ ಜೋಡಿ. ಡಿ-18ರ ಬೆನ್ನು, ಪಕ್ಕೆ ಮಹಾಗನಿ, ಡಿ-28ರದ್ದು ಬೀಟೆ. ಎರಡಕ್ಕೂ ತಂತಿಯ ಉದ್ದ 25.4 ಅಂಗುಲ, ಮೇಲ್ಹಲಗೆ ಸಿಟ್ಕಾ ಸ್ಪ್ರೂಸ್. ಡಿ-28 ಅಂದರೆ ಗತ್ತು. ಕಂಟ್ರಿ ಗಾಯಕ ಹ್ಯಾಂಕ್ ವಿಲಿಯಮ್ಸ್ ಹಿಡಿದದ್ದು ಅದು. 1968ರಲ್ಲಿ ಜಾನ್ ಲೆನನ್, ಪಾಲ್ ಮೆಕಾರ್ಟ್ನಿ ಋಷಿಕೇಶಕ್ಕೆ ಹೊತ್ತು ತಂದದ್ದೂ ಅದೇ. ಹಾಗಾಗಿ ನಿಮ್ಮಲ್ಲಿ ಹತ್ತರಲ್ಲಿ ಎಂಟು ಜನ ಅದರ ಹೆಸರನ್ನೇ ಹೇಳಿಕೊಂಡು ಅಂಗಡಿಗೆ ಹೋಗುತ್ತೀರಿ. ಅದರ ಸ್ವರಕ್ಕೆ ಬಾಲ ಉದ್ದ, ಮಂದ್ರಕ್ಕೆ ಕಂಪು ಹೆಚ್ಚು. ಒಬ್ಬರೇ ಕೂತು ಹಾಡಿಕೊಳ್ಳುವವರಿಗೆ ಅದು ತಂಬೂರಿಯಂತೆ ಹಿಂದೆ ತುಂಬಿಕೊಳ್ಳುತ್ತದೆ. ಡಿ-18 ಒಣ ದನಿಯದು: ಮೀಟಿದ ತಕ್ಷಣ ಎದ್ದು, ಕೆಲಸ ಮುಗಿಸಿ, ಹಾಡುವವರಿಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಸಾಥ್ ಕೊಡುವವರಿಗೆ ಬೇಕಾದ ಗುಣ ಇದೇ. ಬೆಲೆಯೂ ಡಿ-28ಕ್ಕಿಂತ ಕಡಿಮೆ.

ಗಿಬ್ಸನ್ ಜೆ-45 ಅನ್ನು ಡ್ರೆಡ್ನಾಟ್ ಪಂಗಡಕ್ಕೆ ಸೇರಿಸಲು ಕೆಲವರು ಒಪ್ಪುವುದಿಲ್ಲ. ಅದರ ಹೆಗಲು ಇಳಿಜಾರು. 1942ರಲ್ಲಿ ಬಂದ ಮಾದರಿ. ಗಿಬ್ಸನ್ನಿನ ಚೌಕ ಭುಜದ ಗಿಟಾರ್ ಬೇಕೆಂದವರು 1960ರ ಹಮ್ಮಿಂಗ್‌ಬರ್ಡ್ ತನಕ ಕಾಯಬೇಕಿತ್ತು. ಜೆ-45ರ ತಂತಿಯ ಉದ್ದ 24¾ ಅಂಗುಲ, ಮಾರ್ಟಿನ್ನಿಗಿಂತ ಅರ್ಧ ಅಂಗುಲಕ್ಕೂ ಹೆಚ್ಚು ಗಿಡ್ಡ. ಅದೇ ಶ್ರುತಿಗೆ ತಂತಿ ಅಷ್ಟು ಬಿಗಿಯಾಗಬೇಕಿಲ್ಲ, ಬೆರಳು ಅಷ್ಟು ಚಾಚಬೇಕಿಲ್ಲ. ದಿನವಿಡೀ ಕೀಬೋರ್ಡ್ ಕುಟ್ಟಿ ಸಂಜೆ ಬ್ಯಾರೆ ಕಾರ್ಡ್ ಹಿಡಿಯುವ ನಮ್ಮ ಮಣಿಕಟ್ಟುಗಳಿಗೆ ಇದು ಸಣ್ಣ ಲಾಭವಲ್ಲ. ದನಿಯಲ್ಲಿ ಒಂದು ಮೊಟಕುತನ, ಧಪ್ ಎನ್ನುವ ಪೆಟ್ಟು. ಮಾರ್ಟಿನ್ ಕೇಳಿ ಬಂದ ಕಿವಿಗೆ ಮೊದಲ ಐದು ನಿಮಿಷ ಏನೋ ಕಡಿಮೆ ಅನ್ನಿಸುತ್ತದೆ. ಯಾರಾದರೂ ಹಾಡತೊಡಗಿದ ಮೇಲೆ ಆ ಕಡಿಮೆಯೇ ಸರಿ ಅನ್ನಿಸುತ್ತದೆ. ಒಂದು ಎಚ್ಚರಿಕೆ: ಮೊಂಟಾನಾದ ಬೋಜ್‌ಮನ್‌ನಿಂದ ಬರುವ ಈ ಗಿಟಾರುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ಅಂತರ ಹೆಚ್ಚು ಎಂಬುದು ನನ್ನ ಕಿವಿಯ ಅನುಭವ. ಒಂದೇ ಗೋಡೆಯ ಮೇಲೆ ಮೂರು ಜೆ-45 ತೂಗಿದ್ದರೆ ಮೂರನ್ನೂ ಇಳಿಸಿ.

ಟೆಕ್ಸಸ್ಸಿನ ಆಸ್ಟಿನ್‌ನಲ್ಲಿ ಬಿಲ್ ಕಾಲಿಂಗ್ಸ್ ಕಟ್ಟಿದ ಕಂಪನಿಯ ಗಿಟಾರುಗಳ ಕೈಕೆಲಸದ ಮುಂದೆ ಮೇಲಿನ ಎರಡೂ ಸ್ವಲ್ಪ ಒರಟಾಗಿ ಕಾಣುತ್ತವೆ. ಕಾಲಿಂಗ್ಸ್ 2017ರಲ್ಲಿ ತೀರಿಕೊಂಡರು, ಕೆಲಸದ ಮಟ್ಟ ಇಳಿದಿಲ್ಲ. ಡಿ1 ಮಹಾಗನಿಯದು, ಡಿ2ಎಚ್ ಬೀಟೆಯದು. ಐದು ಸಾವಿರ ಡಾಲರಿನಿಂದ ಮೇಲಕ್ಕೆ. ಕಾರ್ಡಿನ ಆರೂ ಸ್ವರಗಳು ಬಿಡಿಬಿಡಿಯಾಗಿ, ನುಣ್ಣಗೆ ಕೇಳುತ್ತವೆ. ರಾಗದ ಎಳೆಯನ್ನು ಪಿಕ್ಕಿನಲ್ಲಿ ಮೀಟುವವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕೈಯಲ್ಲಿ ಹಿಡಿದಿಲ್ಲ. ಆದರೆ ಈ ಸ್ಪಷ್ಟತೆ ನಮ್ಮ ಎಡಗೈಯ ಹುಳುಕನ್ನೂ ಅಷ್ಟೇ ಸ್ಪಷ್ಟವಾಗಿ ಸಾರುತ್ತದೆ. ಮೆಲುದನಿಯ ಹಾಡಿನ ಹಿಂದೆ ಕೆಲವೊಮ್ಮೆ ಮುಂದೆ ನುಗ್ಗುತ್ತದೆ. ಇನ್ನು ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಸ್, ಮೇನ್ ರಾಜ್ಯದ ಬೂರ್ಜ್ವಾ ಗಿಟಾರುಗಳೂ ಇದೇ ಮಟ್ಟದವು. ಸಿಕ್ಕರೆ ನುಡಿಸಿ, ಹುಡುಕಿಕೊಂಡು ಊರೂರು ಅಲೆಯಬೇಡಿ.

ಈಗ ಬೆನ್ನಿನ ಮರಕ್ಕೆ ಬರುತ್ತೇನೆ. ಇದು ನಮಗೆ, ಅದರಲ್ಲೂ ಮಲೆನಾಡು, ಕೊಡಗಿನ ಕಡೆಯವರಿಗೆ, ಸ್ವಲ್ಪ ಹತ್ತಿರದ ಕತೆ.

ಹಳೆಯ ಡಿ-28ಗಳ ಬೆನ್ನಿಗೆ ಬಳಸುತ್ತಿದ್ದದ್ದು ಬ್ರೆಜಿಲ್ಲಿನ ರೋಸ್‌ವುಡ್. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ದಿಮ್ಮಿಗಳ ರಫ್ತನ್ನು ನಿಲ್ಲಿಸಿತು. 1969ರಲ್ಲಿ ಮಾರ್ಟಿನ್ ಭಾರತದ ರೋಸ್‌ವುಡ್ಡಿಗೆ ಹೊರಳಿತು. ಅದೇನು ಬೇರೆ ಮರವಲ್ಲ, ಪಶ್ಚಿಮ ಘಟ್ಟದ ನಮ್ಮ ಬೀಟೆ. ಅಜ್ಜನ ಮನೆಯ ಮಂಚ, ಜಗಲಿಯ ಕಂಬ, ದೇವರ ಮಂಟಪ ಆಗಿದ್ದ ಅದೇ ಮರ. ಸ್ವಂತ ತೋಟದಲ್ಲಿ ಬೆಳೆದಿದ್ದರೂ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕೊಡಲಿ ಹಾಕುವಂತಿಲ್ಲ ಅನ್ನುವುದು ತೋಟದ ಮನೆಯವರಿಗೆ ಗೊತ್ತು. ದಿಮ್ಮಿಯಾಗಿ ಅದು ದೇಶ ಬಿಡುವಂತಿಲ್ಲ. ಕೊಯ್ದು, ಸಿದ್ಧಪಡಿಸಿದ ತುಂಡುಗಳಾಗಿ ಹೋಗುತ್ತದೆ. ಅರ್ಧ ಶತಮಾನ ಕಳೆದರೂ ಹಳೆಯ ಗಿಟಾರಿನ ರಸಿಕರು ನಮ್ಮ ಬೀಟೆಯನ್ನು ಎರಡನೇ ದರ್ಜೆಯದ್ದೆಂದೇ ನೋಡುತ್ತಾರೆ. ಬ್ರೆಜಿಲ್ಲಿನ ಮರದ ಬೆನ್ನಿದ್ದರೆ ಗಿಟಾರಿನ ಬೆಲೆ ಸಾವಿರಾರು ಡಾಲರ್ ಮೇಲೇರುತ್ತದೆ.

ಈ ನಂಬಿಕೆಯನ್ನು ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆಗೆ ಒಡ್ಡಿದರು. ರೋಜರ್ ಬಕ್ನಾಲ್ ಎಂಬ ಕುಶಲಕರ್ಮಿ ಆರು ಗಿಟಾರ್ ಮಾಡಿಕೊಟ್ಟರು. ಮಿಕ್ಕೆಲ್ಲವೂ ಸಾಧ್ಯವಾದಷ್ಟು ಒಂದೇ, ಬೆನ್ನು ಮತ್ತು ಪಕ್ಕೆ ಮಾತ್ರ ಬೇರೆ: ಬ್ರೆಜಿಲ್ ರೋಸ್‌ವುಡ್, ನಮ್ಮ ಬೀಟೆ, ಮಹಾಗನಿ, ಮೇಪಲ್, ಸಪೇಲಿ, ವಾಲ್ನಟ್. 52 ಮಂದಿ ಗಿಟಾರ್ ವಾದಕರು ಕಣ್ಣು ಕಾಣದಂತೆ ವೆಲ್ಡರ್‌ಗಳ ಕನ್ನಡಕ ಹಾಕಿಕೊಂಡು ನುಡಿಸಿ ಅಂಕ ಕೊಟ್ಟರು. ಆರಕ್ಕೂ ಹೆಚ್ಚುಕಡಿಮೆ ಒಂದೇ ಅಂಕ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಿ ಗುರುತಿಸುವುದೇ ಅವರಿಗೆ ಕಷ್ಟವಾಯಿತು. 2018ರಲ್ಲಿ ಅಮೆರಿಕದ ಧ್ವನಿವಿಜ್ಞಾನ ಸಂಘದ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

"ಹಾಗಾದರೆ ಡಿ-18, ಡಿ-28ಕ್ಕೆ ಇಷ್ಟೊತ್ತು ಬೇರೆ ಬೇರೆ ದನಿ ಹೇಳಿದಿರಲ್ಲ ಸ್ವಾಮಿ?" ಎಂದು ಕೇಳುತ್ತೀರಿ, ನ್ಯಾಯವೇ. ಆ ಎರಡರ ನಡುವೆ ಬೆನ್ನೊಂದೇ ಬೇರೆಯಲ್ಲ. 2013ರಲ್ಲಿ ತಿದ್ದಿದ ಡಿ-18ರ ಮೇಲ್ಹಲಗೆಯ ಕೆಳಗಿನ ಪಟ್ಟಿಗಳನ್ನು ಅಲ್ಲಲ್ಲಿ ಬಳುಕಿಸಿ ಕೆತ್ತಿ ಹಗುರ ಮಾಡಿದ್ದಾರೆ; 2017ರಲ್ಲಿ ತಿದ್ದಿದ ಡಿ-28ರಲ್ಲಿ ಹಾಗೆ ಕೆತ್ತಿಲ್ಲ. ಅದೂ ಅಲ್ಲದೆ ಒಂದು ಸ್ಪ್ರೂಸ್ ಹಲಗೆ ಇನ್ನೊಂದರಂತೆ ಇರುವುದಿಲ್ಲ. ಬೆನ್ನಿನ ಮರ ಏನೂ ಮಾಡುವುದಿಲ್ಲ ಎಂದು ನಾನು ವಾದಿಸುತ್ತಿಲ್ಲ. ಅದಕ್ಕೆ ಅಂಟಿಸಿರುವ ಬೆಲೆಚೀಟಿಯಷ್ಟು ಮಾಡುವುದಿಲ್ಲ, ಅಷ್ಟೆ.

ಎರಡನೇ ಮಹಾಯುದ್ಧಪೂರ್ವದ ದನಿ ಅನ್ನುವ ಇನ್ನೊಂದು ಗುಂಗಿದೆ. ಮಾರ್ಟಿನ್ ಕಂಪನಿ 1944ರ ಕೊನೆಯ ತನಕ ಪಟ್ಟಿಗಳನ್ನು ಕೆತ್ತುತ್ತಿತ್ತು, ಆಮೇಲೆ ದಪ್ಪ ತಂತಿಯ ಎಳೆತಕ್ಕೆ ಹಲಗೆ ಉಬ್ಬಬಾರದೆಂದು ನಿಲ್ಲಿಸಿತು. 1976ರಲ್ಲಿ ಎಚ್‌ಡಿ-28 ಮೂಲಕ ಅದನ್ನು ಮತ್ತೆ ತಂದಿತು. ಈಗ ಎಲ್ಲ ಕಂಪನಿಗಳೂ ಆ ಹಳೆಯ ದನಿಯ ಬೆನ್ನು ಹತ್ತಿವೆ: ಪ್ರಾಣಿಜನ್ಯ ಅಂಟು, ಅಡಿರಾಂಡಕ್ ಸ್ಪ್ರೂಸ್, ಆಮ್ಲಜನಕ ಇಲ್ಲದ ಒಲೆಯಲ್ಲಿ ಬೇಯಿಸಿ ಹಳೆಯದಾಗಿಸಿದ ಹಲಗೆ. ಬೇಯಿಸಿದ ಹಲಗೆ ಹೊಸ ಗಿಟಾರಿನ ಬಿಗಿತವನ್ನು ಸಡಿಲಿಸುತ್ತದೆ ಅನ್ನುವುದನ್ನು ನನ್ನ ಕಿವಿ ಒಪ್ಪುತ್ತದೆ. ಅದಕ್ಕಾಗಿ ಬೆಲೆಯನ್ನು ಎರಡು ಪಟ್ಟು ಮಾಡುವುದನ್ನು ನನ್ನ ಜೇಬು ಒಪ್ಪುವುದಿಲ್ಲ. ಎಲ್ಲರೂ ಕನಸು ಕಾಣುವ ಹಳೆಯ ಡ್ರೆಡ್ನಾಟ್ ಯಾವುದು ಗೊತ್ತೇ? ಬ್ಲೂಗ್ರಾಸ್ ವಾದಕ ಕ್ಲಾರೆನ್ಸ್ ವೈಟ್ ನುಡಿಸಿ, ಆಮೇಲೆ ಇನ್ನೊಬ್ಬ ಬ್ಲೂಗ್ರಾಸ್ ವಾದಕ ಟೋನಿ ರೈಸ್ ಕೈಸೇರಿದ 1935ರ ಡಿ-28. ಅದರ ದನಿರಂಧ್ರವನ್ನು ಯಾರೋ ಕೆತ್ತಿ ಅಗಲ ಮಾಡಿದ್ದರು, ಬೆರಳುಹಲಗೆಯೂ ಮೂಲದ್ದಲ್ಲ. ಅಂಗಡಿಯಲ್ಲಿ ಅಂಥದ್ದನ್ನು ಕಂಡರೆ ನಾವು ಮೂಸಿಯೂ ನೋಡುತ್ತಿರಲಿಲ್ಲ.

ಇನ್ನು ಹೋಲಿಸುವ ಬಗೆ. ಅಂಗಡಿಯ ಗೋಡೆಯ ಮೇಲಿನ ಒಂದು ಗಿಟಾರಿಗೆ ನಿನ್ನೆ ಹಾಕಿದ ತಂತಿ, ಇನ್ನೊಂದಕ್ಕೆ ಆರು ತಿಂಗಳಿಂದ ನೂರು ಜನರ ಬೆವರು ಕುಡಿದ ತಂತಿ. ಹಳೆಯ ತಂತಿಯ ಡಿ-18ಕ್ಕಿಂತ ಹೊಸ ತಂತಿಯ ಯಾವ ಗಿಟಾರ್ ಆದರೂ ಹೊಳೆಯುತ್ತದೆ. ಕೊನೆಗೆ ಉಳಿದ ಎರಡು ಗಿಟಾರುಗಳಿಗೆ ಒಂದೇ ಬಗೆಯ, ಒಂದೇ ದಪ್ಪದ ಹೊಸ ತಂತಿ ಹಾಕಿಸಿ. ಅದರ ದುಡ್ಡನ್ನು ನೀವೇ ಕೊಡಿ. ಸಾವಿರಗಳ ವ್ಯಾಪಾರದಲ್ಲಿ ಇಪ್ಪತ್ತು ಮೂವತ್ತು ಡಾಲರಿಗೆ ಹಿಂದೆಮುಂದೆ ನೋಡಬೇಡಿ. 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ ಎಷ್ಟು ಎತ್ತರವಿದೆ ಎಂದು ಅಳೆಯಿರಿ. 2.4 ಮಿಲಿಮೀಟರ್ ಆಸುಪಾಸು ಇದ್ದರೆ ಸರಿ. ಒಂದು ಎತ್ತರ, ಇನ್ನೊಂದು ತಗ್ಗು ಇದ್ದರೆ ನೀವು ಹೋಲಿಸುತ್ತಿರುವುದು ರಿಪೇರಿಯವರ ಕೈಚಳಕವನ್ನು.

ನಿಮ್ಮ ಪಿಕ್ಕನ್ನೇ ಒಯ್ಯಿರಿ, ನಿಮ್ಮ ಕೇಪೋವನ್ನೂ. ಅಂಗಡಿಯಲ್ಲಿ ಕೂತು ಬ್ಲೂಗ್ರಾಸ್ ಓಟ ಓಡಿಸುವುದರಿಂದ ನಿಮಗೇನೂ ತಿಳಿಯದು. ನೀವು ಯಾರಿಗೆ ಸಾಥ್ ಕೊಡುತ್ತೀರೋ ಅವರ ಶ್ರುತಿಗೆ ಕೇಪೋ ಹಾಕಿ, ನೀವು ನಿಜವಾಗಿ ನುಡಿಸುವ ನಾಲ್ಕು ಹಾಡನ್ನು ನುಡಿಸಿ. ಸಾಧ್ಯವಾದರೆ ಹಾಡುವವರನ್ನೇ ಕರೆದೊಯ್ದು ಮೆಲ್ಲಗೆ ಹಾಡಿಸಿ. ಸಂಕೋಚ ಬೇಡ, ಆ ಅಂಗಡಿಗಳಲ್ಲಿ ಇದಕ್ಕಿಂತ ವಿಚಿತ್ರವಾದದ್ದೆಲ್ಲ ನಡೆಯುತ್ತದೆ. ಹಾಡಿನ ಮಾತು ಮುಚ್ಚಿಹೋಗುತ್ತಿದ್ದರೆ ಆ ಗಿಟಾರ್ ಎಷ್ಟೇ ಇಂಪಾಗಿದ್ದರೂ ವಾಪಸ್ಸು ಗೋಡೆಗೆ.

ಆಮೇಲೆ ಮುಖ್ಯವಾದದ್ದು: ಗಿಟಾರನ್ನು ಬೇರೆಯವರ ಕೈಗೆ ಕೊಟ್ಟು, ಏಳೆಂಟು ಅಡಿ ದೂರ ಹೋಗಿ, ಬೆನ್ನು ತಿರುಗಿಸಿ ನಿಲ್ಲಿ. ಡ್ರೆಡ್ನಾಟ್ ತನ್ನ ದನಿಯನ್ನು ಮುಂದಕ್ಕೆ ಎಸೆಯುತ್ತದೆ, ನುಡಿಸುವವರ ಕಿವಿಗೆ ಬೀಳುವುದು ಅದರ ಒಂದು ಪಾಲು. ಅವರು ಯಾವುದನ್ನು ನುಡಿಸುತ್ತಿದ್ದಾರೆಂದು ಹೇಳದೆ ಅದಲು ಬದಲು ಮಾಡಲಿ. ನಿಮಗೆ ಇಷ್ಟವಾದದ್ದಕ್ಕೆ ಬೆರಳೆತ್ತಿ. ಮೂರು ಸಲದಲ್ಲಿ ಮೂರೂ ಸಲ ಅಗ್ಗದ್ದಕ್ಕೇ ಬೆರಳೆತ್ತಿದರೆ ಮನೆಯಲ್ಲಿ ಯಾರಿಗೂ ಹೇಳದೆ ಉಳಿದ ದುಡ್ಡನ್ನು ಜೇಬಿಗೆ ಹಾಕಿಕೊಳ್ಳಿ.

ಬಳಸಿದ ಗಿಟಾರ್ ಕೊಳ್ಳುವುದಾದರೆ ಕುತ್ತಿಗೆಯ ಕೋನ ನೋಡದೆ ದುಡ್ಡು ಬಿಚ್ಚಬೇಡಿ. ಫ್ರೆಟ್ಟುಗಳ ಮೇಲೆ ನೇರವಾದ ಪಟ್ಟಿ ಇಟ್ಟರೆ ಅದರ ತುದಿ ಕುದುರೆಯ ಮರದ ಮೇಲಂಚನ್ನು ಮುಟ್ಟಬೇಕು. ಅದಕ್ಕಿಂತ ಕೆಳಗೆ ಇಳಿದಿದ್ದರೆ ಕುತ್ತಿಗೆ ಬಿಚ್ಚಿ ಕೂರಿಸುವ ಕಾಲ ಹತ್ತಿರವಿದೆ. ಮಾರ್ಟಿನ್ನಿನ ಸಾಂಪ್ರದಾಯಿಕ ಕುತ್ತಿಗೆ ಅಂಟಿನ ಬೆಸುಗೆಯದ್ದು, ಬಿಚ್ಚಲು ನೂರಾರು ಡಾಲರ್ ಖರ್ಚು. ಕಾಲಿಂಗ್ಸ್, ಟೇಲರ್ ಕಂಪನಿಗಳ ಕುತ್ತಿಗೆ ಬೋಲ್ಟಿನದು, ಅಷ್ಟು ರಗಳೆಯಿಲ್ಲ.

ಕೊಂಡ ಮೇಲೆ ನಿಮ್ಮ ಶತ್ರು ಚಳಿಗಾಲದ ಹೀಟರ್. ಘನ ಮರದ ಗಿಟಾರಿಗೆ ಶೇ. 45ರಿಂದ 55ರ ತೇವ ಹಿತ. ಬಾಸ್ಟನ್, ಶಿಕಾಗೋ ಕಡೆಯ ಮನೆಗಳಲ್ಲಿ ಜನವರಿಯಲ್ಲಿ ಅದು ಇಪ್ಪತ್ತರ ಹತ್ತಿರಕ್ಕೆ ಇಳಿಯುತ್ತದೆ, ಮೇಲ್ಹಲಗೆ ಸೀಳಲೂಬಹುದು. ಗಿಟಾರನ್ನು ಪೆಟ್ಟಿಗೆಯಲ್ಲೇ ಇಡಿ, ಒಳಗೆ ತೇವದ ಪೊಟ್ಟಣ ಹಾಕಿ, ಒಂದು ಸಣ್ಣ ಮಾಪಕ ಇಡಿ. ಬೆಂಗಳೂರಿಗೆ ಒಯ್ಯುವವರಿಗೊಂದು ಮಾತು: ಅಂತರರಾಷ್ಟ್ರೀಯ ವನ್ಯಜೀವಿ ಒಪ್ಪಂದದ ಅಡಿಯಲ್ಲಿ 2017ರ ಜನವರಿಯಲ್ಲಿ ಬೀಟೆಯ ಮೇಲೆ ಬಂದಿದ್ದ ಕಟ್ಟುಪಾಡು 2019ರ ನವೆಂಬರ್ 26ರಿಂದ ಸಿದ್ಧ ವಾದ್ಯಗಳಿಗೆ ಅನ್ವಯಿಸುವುದಿಲ್ಲ. ಬ್ರೆಜಿಲ್ ರೋಸ್‌ವುಡ್ಡಿಗೆ ಆ ರಿಯಾಯಿತಿ ಇಲ್ಲ. ಕಾಗದಪತ್ರ ಇಲ್ಲದೆ ಅದರೊಡನೆ ಗಡಿ ದಾಟುವ ಸಾಹಸ ಬೇಡ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮ ನಿಮ್ಮ ಕೂಟಗಳಲ್ಲಿ ಒಳ್ಳೆಯ ಗಿಟಾರ್ ಇರುವವರು ಈ ಬೇಸಿಗೆಯಲ್ಲಿ ಒಂದು ಭಾನುವಾರ ಒಟ್ಟಿಗೆ ಸೇರಿ. ಎಲ್ಲಕ್ಕೂ ಒಂದೇ ಬಗೆಯ ತಂತಿ ಹಾಕಿ, ಹಾಡುವವರನ್ನೂ ತಬಲಾದವರನ್ನೂ ಕರೆಯಿರಿ, ಹೆಸರು ಕಾಣದಂತೆ ತಲೆಗೊಂದು ಬಟ್ಟೆ ಸುತ್ತಿ ನುಡಿಸಿ, ಕೇಳಿ. ಈ ವರ್ಷ ಕೊಳ್ಳಬೇಕೆಂದಿರುವವರು ಅಂದು ಬರೀ ಕಿವಿ ತಂದರೆ ಸಾಕು, ಕ್ರೆಡಿಟ್ ಕಾರ್ಡ್ ಮನೆಯಲ್ಲೇ ಇರಲಿ.

ವಿಶ್ವಾಸಪೂರ್ವಕ,
ನಿಮ್ಮ ಕೂಟದ ಒಬ್ಬ ಗಿಟಾರ್ ವಾದಕ